ಮನೆಯೊಳಗೊಂದು ಉತಾರ



ಗದಗ ತಾಲ್ಲೂಕಿನ ಅಸುಂಡಿಯ ನಮ್ಮ ಮನೆಯ ಹಳೆಯ ರೇಡಿಯೊದ ಗಾಜಿನ ಮೇಲೆ ಕುಂಕುಮದ ಒಂದು ಗೀರು ಇತ್ತು. ಅದನ್ನು ಹಾಕಿದವನು ನಮ್ಮಪ್ಪ. ಮುಳ್ಳು ಆ ಗೀರಿಗೆ ಬಂದು ನಿಂತರೆ ಧಾರವಾಡ. ಅಪ್ಪನಿಗೆ ಇಂಗ್ಲಿಷ್ ಅಂಕಿ ಓದಲು ಬರುತ್ತಿರಲಿಲ್ಲ. ಕಿಲೋಹರ್ಟ್ಸ್ ಎಂದರೇನು ಎಂದು ಯಾರಾದರೂ ಕೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಆದರೂ ಹೊಲದಿಂದ ಬಂದು, ಕೈಕಾಲು ತೊಳೆದು, ಕತ್ತಲೆಯಲ್ಲೇ ಮುಳ್ಳು ತಿರುಗಿಸಿದರೆ ಸಾಕು, ರೈತರ ಕಾರ್ಯಕ್ರಮ ಹತ್ತುತ್ತಿತ್ತು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಕೇಂದ್ರ ಮಧ್ಯಮ ತರಂಗದಲ್ಲಿ 765ಕ್ಕೆ ಸಿಗುತ್ತದೆ ಎನ್ನುವುದು ನಮ್ಮ ಕಡೆಯ ಮುದುಕರಿಗೆ ಬಾಯಿಪಾಠ. ಆ 765 ಎಂಬ ಅಂಕಿ ಧಾರವಾಡದವರು ತಾವೇ ಕುಳಿತು ಆರಿಸಿಕೊಂಡದ್ದಲ್ಲ. ಜಿನೀವಾದಲ್ಲಿ ದೇಶದೇಶದವರು ಕೂಡಿ ಒಂದು ಪಟ್ಟಿ ಮಾಡಿದರು. ಅದರಂತೆ 1978ರ ನವೆಂಬರ್ 23ರಂದು ಏಷ್ಯಾ, ಆಫ್ರಿಕಾ, ಯುರೋಪಿನ ಮಧ್ಯಮ ತರಂಗದ ಕೇಂದ್ರಗಳನ್ನು ಒಂಬತ್ತೊಂಬತ್ತು ಕಿಲೋಹರ್ಟ್ಸ್ ಅಂತರದ ಸಾಲಿಗೆ ಹೊಂದಿಸಲಾಯಿತು. 765ನ್ನು 9ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಎಲ್ಲೋ ಒಂದು ದಫ್ತರದಲ್ಲಿ ಹೆಸರು ಬರೆದಿದೆ ಎಂದೇ ಅಪ್ಪನ ಕುಂಕುಮದ ಗೀರಿಗೆ ಬೆಲೆ ಬಂತು.

ಇದನ್ನು ಯಾಕೆ ಹೇಳಿದೆನೆಂದರೆ, ನಾನು ಇವತ್ತು ಮಾತಾಡಬೇಕೆಂದಿರುವುದು ಇಂಥದೇ ಒಂದು ಚಿಕ್ಕ ದಫ್ತರದ ಬಗ್ಗೆ. ಅದು ನಿಮ್ಮ ಮನೆಯ ಗೋಡೆಗೆ ತೂಗುಹಾಕಿದ ಡಬ್ಬಿಯೊಳಗೆ ಇದೆ. ಎರಡು ಕೊಂಬಿನ, ಹಸಿರು ದೀಪ ಮಿಣುಕಿಸುವ ಡಬ್ಬಿ. ರೌಟರ್ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಅದಕ್ಕೆ ‘ವೈಫೈ ಡಬ್ಬಿ’ ಎಂದೇ ಹೆಸರು.

ನನ್ನ ತಮ್ಮ ಮನೆಯ ಪಡಸಾಲೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಹೊಲದ ಹಕ್ಕಿನ ಉತಾರ ತೆಗೆಯುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಬೆಳೆವಿಮೆ, ಪರೀಕ್ಷೆಯ ಹಾಲ್ ಟಿಕೆಟು, ಎಲ್ಲವೂ ಅಲ್ಲೇ. ಪ್ರಿಂಟರಿಗೆ ತಂತಿ ಇಲ್ಲ, ವೈಫೈ ಮೇಲೆ ಓಡುತ್ತದೆ. ಹೋದ ವರ್ಷ ಕಡ್ಲಿ ಬಿತ್ತುವ ದಿನಗಳಲ್ಲಿ ಒಂದು ಸಂಜೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂತು. ಅಂಗಡಿಯಲ್ಲಿ ಏಳೆಂಟು ಮಂದಿ ಸಾಲು ಹಚ್ಚಿದ್ದರು. ತಮ್ಮ ಒಳಗೆ ಬಂದು ನನ್ನ ಮುಂದೆ ನಿಂತ.

“ಅಣ್ಣಾ, ಪ್ರಿಂಟರ್ ಕಾಣವಲ್ದು ಅಂತೈತಿ ನೋಡು.”

“ಕಾಣವಲ್ದು ಅಂದ್ರ? ಕಣ್ಣ ಮುಂದ ಐತೆಲ್ಲೋ.”

“ನನ್ನ ಕಣ್ಣಿಗೆ ಕಾಣತೈತಿ. ಕಂಪ್ಯೂಟರಿಗೆ ಕಾಣವಲ್ದು.”

ಸಾಲಿನಲ್ಲಿದ್ದ ಒಬ್ಬ ಅಜ್ಜ, “ಅದಕ್ಕೂ ಮೋತಿಬಿಂದು ಆಗೇತೇನೋ ತಮ್ಮಾ, ಗದಗಿಗೆ ಒಯ್ದು ತೋರಿಸ್ರಿ” ಎಂದ. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ. ಪ್ರಿಂಟರನ್ನು ಆರಿಸಿ ಹಚ್ಚಿದ, ಕಂಪ್ಯೂಟರಿನಲ್ಲಿ ಅದರ ಹೆಸರು ಅಳಿಸಿ ಮತ್ತೆ ಸೇರಿಸಿದ, ಅರ್ಧ ತಾಸಿನ ಮೇಲೆ ಸರಿಹೋಯಿತು. ಎಂಟು ದಿನಕ್ಕೆ ಮತ್ತದೇ ಗೋಳು. ಅವನು ಪ್ರಿಂಟರನ್ನೇ ಮಾರಿಬಿಡುತ್ತೇನೆ ಎನ್ನುವ ಹಂತಕ್ಕೆ ಬಂದಿದ್ದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. ಮನೆಯಲ್ಲಿ ಏನು ಕೆಟ್ಟರೂ ನನ್ನ ಕಡೆ ನೋಡುವುದು ರೂಢಿ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಓದಲು ಕೂತೆ. ತಪ್ಪು ಪ್ರಿಂಟರಿನದಾಗಿರಲಿಲ್ಲ. ಅದರ ವಿಳಾಸ ಬದಲಾಗಿತ್ತು, ಅಷ್ಟೆ. ಕಂಪ್ಯೂಟರ್ ಹಳೆಯ ಮನೆಯ ಬಾಗಿಲು ಬಡಿಯುತ್ತಿತ್ತು. ಪ್ರಿಂಟರ್ ಮನೆ ಬದಲಿಸಿ ಆಚೆ ಓಣಿಗೆ ಹೋಗಿತ್ತು.

ರೌಟರಿಗೆ ಸೇರುವ ಪ್ರತಿಯೊಂದು ಸಾಧನಕ್ಕೂ ಒಂದು ಅಂಕಿಯ ವಿಳಾಸ ಬೇಕು. ಅದೇ ಐಪಿ ವಿಳಾಸ. ಮನೆಗಳಲ್ಲಿ ಬಹುಮಟ್ಟಿಗೆ 192.168 ಎಂದು ಶುರುವಾಗುತ್ತದೆ. ಮುಂದೆ ಎರಡು ಅಂಕಿ, ನಡುವೆ ಚುಕ್ಕಿ. ಕೊನೆಯ ಅಂಕಿ 1ರಿಂದ 254ರವರೆಗೆ ಇರಬಹುದು. ಸಾಮಾನ್ಯವಾಗಿ 1ನ್ನು ರೌಟರ್ ತಾನೇ ಇಟ್ಟುಕೊಳ್ಳುತ್ತದೆ, ಉಳಿದ 253 ಮನೆಯ ಮಂದಿಗೆ. ನಮ್ಮೂರಿನ ಯಾವ ಮನೆಯಲ್ಲೂ ಅಷ್ಟು ಸಾಧನ ಇರಲಿಕ್ಕಿಲ್ಲ ಅನ್ನಿ. ಹಿಂದೆ ಊರ ಚಾವಡಿಯಲ್ಲಿ ಹೊಲಗಳ ಲೆಕ್ಕ ಬರೆಯುವ ತಲಾಠಿ ಕೂಡುತ್ತಿದ್ದನಲ್ಲ, ಹಾಗೆ ಈ ಡಬ್ಬಿಯೊಳಗೂ ಒಬ್ಬ ತಲಾಠಿ ಕೂತಿದ್ದಾನೆ. ಯಾರಿಗೆ ಯಾವ ಅಂಕಿ ಎಂದು ಬರೆದಿಡುವುದು ಅವನ ಕೆಲಸ. ಆ ಕೆಲಸಕ್ಕೆ ಡಿಎಚ್‌ಸಿಪಿ ಎಂಬ ಹೆಸರಿದೆ. ಹೆಸರು ಮರೆತರೂ ಅಡ್ಡಿಯಿಲ್ಲ, ತಲಾಠಿಯನ್ನು ನೆನಪಿಟ್ಟುಕೊಳ್ಳಿ.

ಪ್ರಿಂಟರ್ ಎದ್ದ ಕೂಡಲೇ ಅದಕ್ಕೆ ತನ್ನ ವಿಳಾಸ ಗೊತ್ತಿರುವುದಿಲ್ಲ, ತಲಾಠಿ ಎಲ್ಲಿದ್ದಾನೆ ಎಂದೂ ಗೊತ್ತಿರುವುದಿಲ್ಲ. ಅದು ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ಇಲ್ಲಿ ತಲಾಠಿ ಯಾರದಾರ್ರೀ? ರೌಟರ್ ಓಗೊಟ್ಟು, ಇಂಥ ಅಂಕಿ ಖಾಲಿ ಐತಿ, ಬೇಕೇನು ಎನ್ನುತ್ತದೆ. ಬೇಕ್ರೀ, ಅದನ್ನ ಕೊಡ್ರಿ ಎಂದು ಪ್ರಿಂಟರ್ ಕೇಳುತ್ತದೆ. ಬರಕೊಂಡೆ, ಹೋಗು ಎಂದು ರೌಟರ್ ಮುದ್ರೆ ಒತ್ತುತ್ತದೆ. ನಾಲ್ಕು ಮಾತಿನ ವ್ಯವಹಾರ, ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ.

ಆದರೆ ಕೊಟ್ಟದ್ದು ಖರೀದಿಯಲ್ಲ, ಲಾವಣಿ. ನಾನು ಹಾಡುವ ಲಾವಣಿಯ ಮಾತು ಹೇಳುತ್ತಿಲ್ಲ, ಹೊಲ ಲಾವಣಿಗೆ ಹಾಕಿಕೊಳ್ಳುತ್ತೇವಲ್ಲ, ಆ ಲಾವಣಿ. ಇಷ್ಟು ದಿನ ಮಾಡಿಕೋ, ಆಮೇಲೆ ನೋಡೋಣ ಎನ್ನುವ ಕರಾರು. ಇಂಗ್ಲಿಷಿನಲ್ಲೂ ಇದಕ್ಕೆ ಹಿಡಿದಿರುವ ‘ಲೀಸ್’ ಎಂಬ ಶಬ್ದ ಹೊಲದ ಗೇಣಿಯದೇ. ಹಲವು ರೌಟರ್‌ಗಳಲ್ಲಿ ಈ ಅವಧಿ 24 ತಾಸು, ಕೆಲವದರಲ್ಲಿ ಎರಡೇ ತಾಸು. ಅರ್ಧ ಅವಧಿ ಕಳೆಯುತ್ತಲೇ ಸಾಧನ ತಲಾಠಿಯ ಹತ್ತಿರ ಹೋಗಿ ಕರಾರು ಮುಂದುವರಿಸಿಕೊಳ್ಳುತ್ತದೆ. ಆದ್ದರಿಂದ ದಿನವಿಡೀ ಹಚ್ಚಿಟ್ಟ ಸಾಧನದ ವಿಳಾಸ ಸುಮ್ಮಸುಮ್ಮನೆ ಬದಲಾಗುವುದಿಲ್ಲ. ಪೇಚು ಬರುವುದು ರಾತ್ರಿ ಆರಿಸಿ ಮಲಗುವವರಿಗೆ, ಕರೆಂಟು ಹೋಗಿ ಬರುವ ಊರಿನವರಿಗೆ. ಅಗ್ಗದ ರೌಟರ್‌ಗಳಲ್ಲಿ ಹಲವು ಈ ಲಾವಣಿ ಪಟ್ಟಿಯನ್ನು ಮರೆವಿನ ಮಂಡೆಯಲ್ಲಿ ಇಟ್ಟುಕೊಂಡಿರುತ್ತವೆ. ಕರೆಂಟು ಹೋಯಿತೋ, ಪಟ್ಟಿಯೂ ಹೋಯಿತು. ಮತ್ತೆ ಬಂದಾಗ ಯಾರು ಮೊದಲು ಕೂಗಿದರೋ ಅವರಿಗೆ ಮೊದಲ ಅಂಕಿ. ಇನ್ನೊಂದು ಪ್ರಸಂಗವೂ ಉಂಟು. ರೌಟರ್ ಏಳಲು ಎರಡು ಮೂರು ನಿಮಿಷ ಬೇಕು, ಪ್ರಿಂಟರ್ ಅದಕ್ಕಿಂತ ಮೊದಲೇ ಎದ್ದು ಕೂತಿರುತ್ತದೆ. ಕೂಗಿ ಕೂಗಿ ಯಾರೂ ಓಗೊಡದಿದ್ದರೆ ಅದು ತಾನೇ 169.254 ಎಂದು ಶುರುವಾಗುವ ಒಂದು ಅಂಕಿ ಹಾಕಿಕೊಂಡು ಊರಾಚೆ ಜೋಪಡಿ ಕಟ್ಟುತ್ತದೆ. ನಿಮ್ಮ ಪ್ರಿಂಟರ್ ಆ ಅಂಕಿ ತೋರಿಸಿದರೆ, ತಲಾಠಿಯ ಭೇಟಿ ಆಗಿಲ್ಲ ಎಂದೇ ಅರ್ಥ. ರೌಟರ್ ಎದ್ದ ಮೇಲೆ ಪ್ರಿಂಟರನ್ನು ಒಮ್ಮೆ ಆರಿಸಿ ಹಚ್ಚಿ, ಸರಿಹೋಗುತ್ತದೆ.

ಹಾಗಾದರೆ ಮನೆಯ ಎಲ್ಲ ಸಾಧನಕ್ಕೂ ವಿಳಾಸ ಖಾಯಂ ಮಾಡಬೇಕೇ? ಬೇಡ. ಗದಗಿನ ವೀರನಾರಾಯಣ ಗುಡಿಗೆ ಹೋದವರಿಗೆ ಒಂದು ಕಂಬ ತೋರಿಸುತ್ತಾರೆ. ಕುಮಾರವ್ಯಾಸ ಅದಕ್ಕೆ ಆತು ಕೂತು ಭಾರತ ಬರೆದ ಎಂದು ಹೇಳಿಕೆ. ಕವಿಗೆ ಒಂದು ಕಂಬ ಗೊತ್ತಾಗಿತ್ತು ಸರಿ, ಪುರಾಣ ಕೇಳಲು ಬಂದವರಿಗೂ ಒಬ್ಬೊಬ್ಬರಿಗೆ ಒಂದೊಂದು ಕಂಬ ಬೇಕೇ? ಅವರು ಎಲ್ಲಿ ಕೂತರೂ ನಡೆಯುತ್ತದೆ. ನಿಮ್ಮ ಮೊಬೈಲು ಕೇಳಲು ಬಂದ ಪೈಕಿ. ಅದು ತಾನಾಗಿ ಹೊರಗೆ ಹೋಗಿ ಬೇಕಾದ್ದನ್ನು ತಂದುಕೊಳ್ಳುತ್ತದೆ. ಅದರ ಅಂಕಿ ಇವತ್ತು 12, ನಾಳೆ 27 ಆದರೆ ಯಾರಿಗೂ ನಷ್ಟವಿಲ್ಲ. ಪ್ರಿಂಟರ್ ಹಾಗಲ್ಲ. ಅದನ್ನು ಹುಡುಕಿಕೊಂಡು ಬೇರೆಯವರು ಬರುತ್ತಾರೆ. ದನದ ಕೊಟ್ಟಿಗೆಗೆ ಹಾಕಿಸಿದ ಕ್ಯಾಮೆರಾದ ರೆಕಾರ್ಡರ್ ಪೆಟ್ಟಿಗೆ, ಮನೆಮಂದಿಯೆಲ್ಲ ಫೋಟೊ ಇಡುವ ಹಾರ್ಡ್ ಡಿಸ್ಕು, ಇವೂ ಆ ಜಾತಿಯವು. ಹುಡುಕಿಸಿಕೊಳ್ಳುವವರಿಗೆ ಮಾತ್ರ ಕಂಬ ಕೊಡಿ. ನಮ್ಮ ಮನೆಯಲ್ಲಿ ಅಂಥವು ನಾಲ್ಕೇ ನಾಲ್ಕು.

ಖಾಯಂ ಮಾಡಲು ಎರಡು ದಾರಿ ಇವೆ. ನಾನು ಮೊದಲು ತಪ್ಪು ದಾರಿ ಹಿಡಿದೆ, ಆ ಕಥೆ ಹೇಳಿಯೇ ಮುಂದೆ ಹೋಗಬೇಕು. ಪ್ರಿಂಟರಿನ ಗುಂಡಿಗಳನ್ನು ಒತ್ತುತ್ತಾ ಹೋದರೆ ಅದರೊಳಗೇ ‘ವಿಳಾಸ ಇದೇ ಇರಲಿ’ ಎಂದು ಹಾಕಲು ಬರುತ್ತದೆ. ಹಾಕಿದೆ. 192.168.1.5 ಎಂದು ಚಂದದ ಒಂದು ಅಂಕಿ. ಎರಡು ದಿನ ಅಂಗಡಿ ಸೊಗಸಾಗಿ ನಡೆಯಿತು, ತಮ್ಮನೆದುರು ನನ್ನ ಮಾನ ಹೆಚ್ಚಿತು. ಮೂರನೆಯ ದಿನ ಮಗಳು ಬೆಂಗಳೂರಿನಿಂದ ಬಂದಳು. ಅವಳ ಲ್ಯಾಪ್‌ಟಾಪಿಗೂ ರೌಟರ್ 5ನ್ನೇ ಕೊಟ್ಟಿತು. ಯಾಕೆ ಕೊಡಬಾರದು? ಪ್ರಿಂಟರ್ ಅಲ್ಲಿ ಕೂತದ್ದನ್ನು ನಾನು ತಲಾಠಿಗೆ ತಿಳಿಸಿಯೇ ಇರಲಿಲ್ಲ. ಅವನ ದಫ್ತರದಲ್ಲಿ 5 ಖಾಲಿ ಎಂದೇ ಇತ್ತು. ಪ್ರಿಂಟರ್ ಆಗ ಆರಿದ್ದರಿಂದ ವಿಚಾರಿಸಿ ನೋಡಿದರೂ ಗೊತ್ತಾಗುವಂತಿರಲಿಲ್ಲ. ಸಂಜೆ ಪ್ರಿಂಟರ್ ಎದ್ದಾಗ ಒಂದೇ ಹೊಲದಲ್ಲಿ ಇಬ್ಬರು ನೇಗಿಲು ಹೂಡಿದಂತಾಯಿತು. ಅತ್ತ ಮಗಳ ಮೀಟಿಂಗು ಕಡಿಯುತ್ತದೆ, ಇತ್ತ ಹಾಲ್ ಟಿಕೆಟು ಅರ್ಧ ಬಂದು ನಿಲ್ಲುತ್ತದೆ.

“ಅಪ್ಪಾ, ಏನ್ ಮಾಡಿಟ್ಟೀರಿ ಇದಕ್ಕ?” ಎಂದಳು ಮಗಳು.

“ಖಾಯಂ ವಿಳಾಸ ಹಾಕೀನವ್ವಾ.”

“ಎಲ್ಲಿ ಹಾಕೀರಿ? ಪ್ರಿಂಟರಿನ್ಯಾಗ? ರೌಟರಿನ್ಯಾಗ ಹಾಕಬೇಕಿತ್ತು.”

ಇಡೀ ವಿಷಯದ ಗುಟ್ಟು ಅವಳ ಆ ಒಂದು ಮಾತಿನಲ್ಲಿದೆ. ಹೊಲದಲ್ಲಿ ಹೋಗಿ ಕೂತರೆ ಹೊಲ ನಿಮ್ಮದಾಗುವುದಿಲ್ಲ, ಉತಾರದಲ್ಲಿ ಹೆಸರು ಏರಬೇಕು. ಗದಗ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಭೂಮಿ’ ಯೋಜನೆ ಬಂದು ಉತಾರ ಕಂಪ್ಯೂಟರಿಗೆ ಏರಿದ ಕಾಲದಲ್ಲಿ, ತಾತನ ಕಾಲದಿಂದ ಉಳುತ್ತಿದ್ದರೂ ಕಾಗದದಲ್ಲಿ ಹೆಸರಿಲ್ಲದೆ ಕಚೇರಿ ಅಲೆದವರನ್ನು ನಾವು ಕಂಡಿದ್ದೇವೆ. ಸಾಧನದೊಳಗೆ ಅಂಕಿ ಹಾಕುವುದು ಬರಿ ಕಬ್ಜಾ. ರೌಟರಿನೊಳಗೆ ಬರೆಸುವುದು ಉತಾರ. ಹೀಗೆ ಬರೆಸಿದರೆ ಸಾಧನದ ಕಡೆ ಏನನ್ನೂ ಮುಟ್ಟಬೇಕಿಲ್ಲ. ಅದು ಎಂದಿನಂತೆ ಎದ್ದು ಕೂಗುತ್ತದೆ, ತಲಾಠಿ ದಫ್ತರ ತೆರೆದು ‘ಓ, ನೀನೋ, ನಿನ್ನ ಅಂಕಿ 50’ ಎಂದು ಅದನ್ನೇ ಕೊಡುತ್ತಾನೆ. ಬೇರೆ ಯಾರಿಗೂ 50ನ್ನು ಕೊಡುವುದಿಲ್ಲ. ಇದಕ್ಕೇ ರಿಸರ್ವೇಶನ್ ಎನ್ನುವುದು. ರೈಲಿನ ಸೀಟಿಗೆ ಮಾಡಿಸುತ್ತೇವಲ್ಲ, ಅದೇ ಶಬ್ದ.

ಒಂದು ಸ್ವಾರಸ್ಯ ಹೇಳುತ್ತೇನೆ. ನಾವು ಈಗ ಹೊಸ ಸೌಲಭ್ಯ ಎಂದುಕೊಂಡು ಹುಡುಕುವ ಈ ರಿಸರ್ವೇಶನ್ ನಿಜಕ್ಕೂ ಲಾವಣಿಗಿಂತ ಹಳೆಯದು. 1985ರಲ್ಲಿ ಬಿಲ್ ಕ್ರಾಫ್ಟ್, ಜಾನ್ ಗಿಲ್ಮೋರ್ ಎಂಬಿಬ್ಬರು ‘ಬೂಟ್‌ಪಿ’ ಎಂಬ ಪದ್ಧತಿ ಬರೆದರು. ಅದರಲ್ಲಿ ಯಾವ ಯಂತ್ರಕ್ಕೆ ಯಾವ ಅಂಕಿ ಎನ್ನುವುದನ್ನು ನೋಡಿಕೊಳ್ಳುವವನು ಕೈಯಾರೆ ಪಟ್ಟಿಯಲ್ಲಿ ಬರೆದಿಡಬೇಕಿತ್ತು. ಅಂದರೆ ಎಲ್ಲವೂ ಖಾಯಂ ಖಾತೆಯೇ. ಯಂತ್ರಗಳು ಹೆಚ್ಚಿದವು, ಜನ ಅವನ್ನು ಕೈಯಲ್ಲಿ ಹಿಡಿದು ಓಡಾಡತೊಡಗಿದರು, ಪಟ್ಟಿ ಬರೆಯುವವನಿಗೆ ಸಾಕಾಯಿತು. ಆಗ ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ 1993ರಲ್ಲಿ ಡಿಎಚ್‌ಸಿಪಿಯ ಕರಡನ್ನು ನಿಯಮವಾಗಿ ಹೊರತಂದರು. ಲಾವಣಿ ಬಂದದ್ದು ಆಗ. ಇವತ್ತಿಗೂ ಆಧಾರವಾಗಿರುವ ಅದರ ತಿದ್ದಿದ ರೂಪ 1997ರ ಮಾರ್ಚಿನದು. ಅದೇ ವರ್ಷ ಆಗಸ್ಟ್ 24ಕ್ಕೆ ಗದಗ ಧಾರವಾಡದಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಯಿತು. ನಾವು ಪತ್ರಗಳ ಮೇಲೆ ‘ಜಿಲ್ಲಾ ಧಾರವಾಡ’ ಹೊಡೆದುಹಾಕಿ ‘ತಾ. ಜಿ. ಗದಗ’ ಎಂದು ಬರೆಯಲು ಕಲಿತೆವು. ಊರು ಕದಲದೆ ಇದ್ದಲ್ಲೇ ಇತ್ತು, ವಿಳಾಸ ಬದಲಾಗಿತ್ತು.

ವಿಳಾಸದ ಮಾತು ಬಂತು. ಅಸುಂಡಿ ಎಂಬ ಹೆಸರಿನ ಊರು ನಮ್ಮದೊಂದೇ ಅಲ್ಲ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಒಂದಿದೆ, ಸವದತ್ತಿಯ ಕಡೆಗೂ ಒಂದಿದೆ. ಬರಿ ‘ಅಸುಂಡಿ’ ಎಂದು ಬರೆದ ಪತ್ರ ಎಲ್ಲಿಗೆ ಹೋಗಿ ತಲುಪಬೇಕು? ಇಂಥ ಗೊಂದಲಕ್ಕೆಂದೇ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದ ಕವಿಯೂ ಹೌದು. ಗದಗಿನ 582101ರಲ್ಲಿ ಮೊದಲ ಮೂರು ಅಂಕಿ ಓದಿದರೆ ಸಾಕು, ಚೀಲ ಯಾವ ಕಡೆಗೆ ಹೋಗಬೇಕೆಂದು ಅಂಚೆಯವರಿಗೆ ತಿಳಿಯುತ್ತದೆ. ಮನೆಯೊಳಗಿನ 192.168.1.50 ಕೂಡ ಅಸುಂಡಿ ಎಂಬ ಹೆಸರಿನಂಥದು. ನಮ್ಮ ಮನೆಯಲ್ಲೂ ಇದೆ, ಬೆಟಗೇರಿಯ ನೇಕಾರರ ಮನೆಯಲ್ಲೂ ಇರಬಹುದು, ಟೋಕಿಯೊದಲ್ಲೂ ಇರಬಹುದು. ಇಂಥ ಅಂಕಿಗಳನ್ನು ಯಾರು ಬೇಕಾದರೂ ಮನೆಯೊಳಗೆ ಬಳಸಿಕೊಳ್ಳಲಿ ಎಂದು 1996ರಲ್ಲೇ ಬಿಟ್ಟುಕೊಟ್ಟಿದ್ದಾರೆ. ಓಣಿಯೊಳಗೆ ಕೂಗಲು ಅದು ಸಾಕು, ಹೊರಗಿನ ಲೋಕಕ್ಕೆ ಅದರ ಗುರುತಿಲ್ಲ. ಹೊರಗೆ ಕಾಣುವ ವಿಳಾಸ ಬೇರೆ, ಅದನ್ನು ಕೊಡುವವರು ಇಂಟರ್ನೆಟ್ ಕಂಪನಿಯವರು. ಅದನ್ನು ಖಾಯಂ ಮಾಡಿಸಬೇಕೆಂದರೆ ಅವರಿಗೆ ಬೇರೆ ದುಡ್ಡು ಕೊಡಬೇಕು. ನಮ್ಮ ಕಡೆಯ ಅಂಗಡಿಕಾರರೊಬ್ಬರು ಪ್ರಿಂಟರ್ ಕಾಣುತ್ತಿಲ್ಲವೆಂದು ಆ ಹೊರಗಿನ ಸ್ಥಿರ ವಿಳಾಸಕ್ಕೆ ದುಡ್ಡು ಕಟ್ಟಿಬಂದಿದ್ದರು. ಬಚ್ಚಲ ನೀರು ಕಟ್ಟಿಕೊಂಡಿದೆಯೆಂದು ಊರ ಕೆರೆಯ ಕೋಡಿ ರಿಪೇರಿ ಮಾಡಿಸಿದ ಹಾಗೆ. ಮನೆಯೊಳಗಿನ ಉತಾರಕ್ಕೆ ಒಂದು ರೂಪಾಯಿಯೂ ಬೇಡ.

ಇನ್ನು ತಲಾಠಿ ಒಬ್ಬೊಬ್ಬರನ್ನು ಗುರುತು ಹಿಡಿಯುವುದು ಹೇಗೆ? ಪ್ರತಿ ಸಾಧನಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಹೆಸರಿದೆ, ಮ್ಯಾಕ್ ವಿಳಾಸ ಅನ್ನುತ್ತಾರೆ. ಹನ್ನೆರಡು ಅಕ್ಷರ, ಎರಡೆರಡರ ಆರು ಜೋಡಿ. ಅದರಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮತ್ತು ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲ ಮೂರು ಜೋಡಿ ಅದನ್ನು ಮಾಡಿದ ಕಂಪನಿಯದು, ಕೊನೆಯ ಮೂರು ಆ ಸಾಧನದ್ದೇ. ನಮ್ಮ ಕಡೆ ಅಡ್ಡಹೆಸರು ಇರುತ್ತದಲ್ಲ, ಹಾಗೆ. ಅಸುಂಡಿ ಎಂಬ ಅಡ್ಡಹೆಸರಿನವರು ಊರು ಬಿಟ್ಟು ಎಷ್ಟೋ ತಲೆಮಾರಾಗಿರುತ್ತದೆ. ಅವರು ಇರುವ ಮನೆ ಬೇರೆ, ಬಾಡಿಗೆ ಬೇರೆ, ಆದರೆ ಅಡ್ಡಹೆಸರು ಬಿಟ್ಟಿಲ್ಲ. ಐಪಿ ಎಂದರೆ ಸದ್ಯ ಇರುವ ಮನೆ. ಮ್ಯಾಕ್ ಎಂದರೆ ಮನೆತನದ ಹೆಸರು. ಈ ಹೆಸರಿಗೆ ಈ ಮನೆ ಎಂದು ಬರೆದುಬಿಡುವುದೇ ರಿಸರ್ವೇಶನ್.

ಇಲ್ಲೊಂದು ಎಡವಟ್ಟಿದೆ. ಈಗಿನ ಮೊಬೈಲುಗಳು ಹಗಲುವೇಷಗಾರರಾಗಿವೆ. ಆಂಡ್ರಾಯ್ಡ್‌ನ ಹತ್ತನೆಯ ಆವೃತ್ತಿ 2019ರಲ್ಲಿ ಬಂತು, ಐಫೋನಿನ ತಂತ್ರಾಂಶದ ಹದಿನಾಲ್ಕನೆಯದು 2020ರಲ್ಲಿ. ಆಗಿನಿಂದ ಫೋನು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ತೋರಿಸುತ್ತದೆ. ಮಾಲ್‌ನಲ್ಲಿ, ರೈಲು ನಿಲ್ದಾಣದಲ್ಲಿ ಯಾರೂ ನಿಮ್ಮ ಜಾಡು ಹಿಡಿಯಬಾರದು ಎನ್ನುವ ಸದುದ್ದೇಶದಿಂದಲೇ ಮಾಡಿದ್ದು. ಬೆಳಿಗ್ಗೆ ರಾಮನ ವೇಷ, ಮಧ್ಯಾಹ್ನ ಹನುಮಂತ. ಡಬ್ಬಿಯ ಮೇಲೆ ಅಚ್ಚಾದ ಹೆಸರನ್ನು ನೋಡಿ ನೀವು ರೌಟರಿನಲ್ಲಿ ಬರೆಸಿದರೆ, ಬಾಗಿಲಿಗೆ ಬಂದು ನಿಂತವನು ಬೇರೆಯೇ ಹೆಸರು ಹೇಳುತ್ತಾನೆ. ಯಾವುದೋ ಕಾರಣಕ್ಕೆ ಫೋನಿಗೂ ಖಾಯಂ ಅಂಕಿ ಬೇಕಿದ್ದರೆ, ಫೋನಿನ ವೈಫೈ ಸೆಟ್ಟಿಂಗಿನಲ್ಲಿ ನಿಮ್ಮ ಮನೆಯ ವೈಫೈ ಒಂದಕ್ಕೆ ಮಾತ್ರ ವೇಷ ಕಳಚಲು ಹೇಳಿ. ಪ್ರಿಂಟರಿಗೆ ಈ ಕಾಟವಿಲ್ಲ. ಅದಕ್ಕೆ ಇನ್ನೊಂದು ಇದೆ: ತಂತಿಗೆ ಒಂದು ಮ್ಯಾಕ್, ವೈಫೈಗೆ ಇನ್ನೊಂದು. ವೈಫೈಯದನ್ನು ಬರೆಸಿ ಆಮೇಲೆ ತಂತಿ ಚುಚ್ಚಿದರೆ ಉತಾರ ನಡೆಯುವುದಿಲ್ಲ. ನಾನು ಇದನ್ನೂ ಮಾಡಿ ಒಂದು ರವಿವಾರ ಕಳೆದುಕೊಂಡಿದ್ದೇನೆ.

ಮಾಡುವ ಬಗೆ ಹೇಳಿಬಿಡುತ್ತೇನೆ. ಮನೆಯ ವೈಫೈಗೆ ಸೇರಿದ ಮೊಬೈಲಿನಲ್ಲಿ ಬ್ರೌಸರ್ ತೆರೆದು ರೌಟರಿನ ವಿಳಾಸ ಹೊಡೆಯಿರಿ. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಜಿಯೋ ಫೈಬರ್ ಆದರೆ 192.168.29.1. ಡಬ್ಬಿಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ವಿಳಾಸ, ಪಾಸ್‌ವರ್ಡ್ ಎರಡೂ ಇರುತ್ತವೆ. ಒಳಗೆ ಡಿಎಚ್‌ಸಿಪಿ ಎಂಬ ಪುಟ ಹುಡುಕಿ. ಕೆಲವು ಕಂಪನಿಯವರು ಅದನ್ನು ‘ಲ್ಯಾನ್’ ಎಂಬ ಪುಟದೊಳಗೆ ಅಡಗಿಸಿರುತ್ತಾರೆ. ಅಲ್ಲಿ ಸದ್ಯ ಯಾರ್ಯಾರು ಲಾವಣಿ ಮೇಲೆ ಇದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಪ್ರಿಂಟರಿನ ಮ್ಯಾಕನ್ನು ಅಲ್ಲಿಂದಲೇ ಎತ್ತಿಕೊಳ್ಳಿ, ಕನ್ನಡಕ ಏರಿಸಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವುದಕ್ಕಿಂತ ಅದು ನಂಬಿಗಸ್ತ. ಎಂಟನ್ನು ಬಿ ಎಂದು ಓದಿ ಕೆಟ್ಟವರು ಬಹಳ ಮಂದಿ. ಆಮೇಲೆ ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಸ್ಟ್ಯಾಟಿಕ್ ಲೀಸ್’ ಅಥವಾ ‘ಬೈಂಡಿಂಗ್’ ಎಂದು ಒಂದು ಜಾಗ ಇರುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಮಾಡುವ ಕೆಲಸ ಒಂದೇ. ಅಲ್ಲಿ ಮ್ಯಾಕ್ ಬರೆದು, ಎದುರಿಗೆ ಬೇಕಾದ ಅಂಕಿ ಹಾಕಿ ಉಳಿಸಿ. ಕೊನೆಗೆ ಪ್ರಿಂಟರನ್ನು ಆರಿಸಿ ಹಚ್ಚಿ, ಹಳೆಯ ಲಾವಣಿ ಬಿಟ್ಟು ಹೊಸ ಅಂಕಿ ತೆಗೆದುಕೊಳ್ಳಲಿ. ಕಂಪ್ಯೂಟರಿನಲ್ಲಿ ಪ್ರಿಂಟರನ್ನು ಆ ಅಂಕಿಯಿಂದಲೇ ಕೊನೆಯದಾಗಿ ಒಮ್ಮೆ ಸೇರಿಸಿ.

ಪ್ರಿಂಟರಿನೊಳಗೆ ಮೊದಲು ನನ್ನ ಹಾಗೆ ಅಂಕಿ ಹಾಕಿ ಕೆಡಿಸಿದ್ದರೆ ಅದನ್ನು ತೆಗೆದು, ರೌಟರನ್ನೇ ಕೇಳುವಂತೆ ಮತ್ತೆ ಬಿಟ್ಟುಬಿಡಿ. ಇನ್ನೊಂದು ಮಾತು, ಒಂದೇ ಊರಿಗೆ ಇಬ್ಬರು ತಲಾಠಿಗಳನ್ನು ಕೂಡಿಸಬೇಡಿ. ಮೇಲಿನ ಕೋಣೆಗೆ ವೈಫೈ ಮುಟ್ಟುವುದಿಲ್ಲವೆಂದು ಹಳೆಯ ರೌಟರನ್ನೂ ಹಚ್ಚುವವರಿದ್ದಾರೆ. ಅದೂ ತನ್ನ ಪಾಡಿಗೆ ಅಂಕಿ ಹಂಚತೊಡಗಿದರೆ, ಯಾರ ಕೂಗಿಗೆ ಯಾರು ಓಗೊಟ್ಟರೆಂಬುದು ದೇವರಿಗೇ ಗೊತ್ತು. ಎರಡನೆಯದರ ಡಿಎಚ್‌ಸಿಪಿ ಆರಿಸಿ, ಅದು ಬರಿ ವೈಫೈ ಹರಡುವ ಕೆಲಸ ಮಾಡಲಿ.

ಕ್ಯಾಮೆರಾದ ಬಗ್ಗೆ ಮಾತ್ರ ಒಂದು ಕಡಕ್ ಮಾತು ಹೇಳಬೇಕು. ಖಾಯಂ ಅಂಕಿ ಸಿಕ್ಕ ಮೇಲೆ ಕೆಲವರಿಗೆ ಆಸೆ ಹುಟ್ಟುತ್ತದೆ: ಹುಬ್ಬಳ್ಳಿಯಲ್ಲಿ ಕೂತು ಅಸುಂಡಿಯ ಕೊಟ್ಟಿಗೆ ನೋಡೋಣ, ರೌಟರಿನಲ್ಲಿ ಹೊರಗಿನಿಂದ ಒಂದು ಕಿಂಡಿ ಕೊರೆಯೋಣ ಎಂದು. ಕ್ಯಾಮೆರಾ ಹಾಕಲು ಬಂದ ಹುಡುಗರು ಕೇಳದೆಯೇ ಕೊರೆದುಕೊಟ್ಟು ಹೋಗುವುದೂ ಉಂಟು. 2016ರಲ್ಲಿ ‘ಮಿರಾಯ್’ ಎಂಬ ಕೀಟಲೆ ತಂತ್ರಾಂಶ ಇಂಥ ಕಿಂಡಿಗಳಲ್ಲೇ ಜಗತ್ತಿನಾದ್ಯಂತ ನುಗ್ಗಿತು. ಅದರ ಕೈಯಲ್ಲಿ ಇದ್ದದ್ದು ಸುಮಾರು 60 ಜೋಡಿ ಹೆಸರು, ಪಾಸ್‌ವರ್ಡು, ಹೆಚ್ಚಿನವು ಕಾರ್ಖಾನೆಯವರು ಹಾಕಿ ಕಳಿಸಿದವು. ಅಷ್ಟರಿಂದಲೇ ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರು, ರೌಟರುಗಳನ್ನು ವಶ ಮಾಡಿಕೊಂಡು, ಅಕ್ಟೋಬರ್ 21ರಂದು ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಏಕಕಾಲಕ್ಕೆ ಏರಿಸಿದರು. ಟ್ವಿಟರ್, ನೆಟ್‌ಫ್ಲಿಕ್ಸ್ ಅಂಥವೇ ಅಮೆರಿಕದ ಬಹುಭಾಗದಲ್ಲಿ ತಾಸುಗಟ್ಟಲೆ ಸಿಗದಂತಾದವು. ನಿಮ್ಮ ಎಮ್ಮೆ ಕರು ಹಾಕುವುದನ್ನು ನೋಡಲು ಕೊರೆದ ಕಿಂಡಿಯಿಂದ ಇಷ್ಟೆಲ್ಲ ಆಗಬಹುದು. ಕಿಂಡಿ ಬೇಡವೇ ಬೇಡ. ಕ್ಯಾಮೆರಾ ಕಂಪನಿಯ ಆ್ಯಪ್ ಸಾಕು, ಅದಕ್ಕೂ ಮೊದಲು ಪಾಸ್‌ವರ್ಡ್ ಬದಲಿಸಿ. ರೌಟರಿನದನ್ನೂ ಬದಲಿಸಿ. ತಲಾಠಿಯ ದಫ್ತರಕ್ಕೆ ಬೀಗ ಇಲ್ಲದಿದ್ದರೆ ಉತಾರ ಇದ್ದೂ ಇಲ್ಲದಂತೆ.

ಹೊಸ ಪದ್ಧತಿಯ ಐಪಿ ಆರನೆಯ ಆವೃತ್ತಿ ಬಂದಿದೆ, ಅದರಲ್ಲಿ ಅಂಕಿಗೆ ಬರವಿಲ್ಲ, ಈ ತಾಪತ್ರಯವೆಲ್ಲ ಮುಗಿಯುತ್ತದೆ ಎಂದು ಮಗಳು ಹೇಳುತ್ತಾಳೆ. ಇರಬಹುದು. ನಮ್ಮ ಪ್ರಿಂಟರಿಗೆ ಇನ್ನೂ ಆ ಸುದ್ದಿ ತಲುಪಿಲ್ಲ.

ಕಡೆಯದಾಗಿ, ನಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಊರಿನ ಜನರ ಬಾಯಿಮಾತಿನ ಸಾಲವನ್ನು ಪುಸ್ತಕಕ್ಕೆ ಏರಿಸಿದ ಸೀಮೆ ನಮ್ಮದು. ರೌಟರಿನ ಪುಸ್ತಕಕ್ಕೂ ಒಂದು ನಕಲು ಬೇಕು. ಅದರ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ. ಅದರೊಳಗೆ ಕಡ್ಡಿ ಚುಚ್ಚಿ ಒತ್ತಿ ಹಿಡಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಕಂಪನಿಯವರು ಬಂದು ಹಳೆಯ ಡಬ್ಬಿ ಒಯ್ದು ಹೊಸದು ಕೊಟ್ಟರೂ ಅಷ್ಟೆ, ಹೊಸ ತಲಾಠಿಗೆ ಹಳೆಯ ಉತಾರ ಗೊತ್ತಿರುವುದಿಲ್ಲ. ಆದ್ದರಿಂದ ನೋಟುಬುಕ್ಕಿನ ಒಂದು ಹಾಳೆ ಹರಿದು, ಯಾವ ಸಾಧನ, ಯಾವ ಮ್ಯಾಕ್, ಯಾವ ಅಂಕಿ ಎಂದು ಬರೆದು ಡಬ್ಬಿಯ ಪಕ್ಕ ಗೋಡೆಗೆ ಅಂಟಿಸಿಬಿಡಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.

ನಮ್ಮ ಮನೆಯ ಹಾಳೆಯಲ್ಲಿ ನಾಲ್ಕು ಸಾಲು ಇವೆ. ಪ್ರಿಂಟರ್ 50, ಕೊಟ್ಟಿಗೆಯ ಕ್ಯಾಮೆರಾ 51, ಫೋಟೊದ ಹಾರ್ಡ್ ಡಿಸ್ಕು 52, ಅಂಗಡಿಯ ಕಂಪ್ಯೂಟರ್ 53. ಹೋದ ಕಡ್ಲಿ ಸುಗ್ಗಿಯಿಂದ ಈಚೆಗೆ ಕರೆಂಟು ಎಷ್ಟು ಸಲ ಹೋಗಿ ಬಂತೋ ಲೆಕ್ಕ ಇಟ್ಟಿಲ್ಲ. ತಮ್ಮ ಪ್ರಿಂಟರಿನ ವಿಷಯಕ್ಕೆ ಒಳಗೆ ಬಂದು ನನ್ನ ಮುಂದೆ ನಿಂತಿಲ್ಲ.